ಮದುವೆಯ ಪದ, ಮರಣದ ಪದ

ಬನಶಂಕರಿಯ ಜಾತ್ರೆಗೆ ಹೋದವರು ಬರಿಗೈಯಿಂದ ಮರಳುವದಿಲ್ಲ. ಮನೆ ಕಟ್ಟಿಸುವವರು ಬಾಗಿಲು ಚೌಕಟ್ಟುಗಳನ್ನು ಕೊಂಡೊಯ್ಯುತ್ತಾರೆ. ಮಗಳ ಮದುವೆ ಗೊತ್ತಾದವರು ಇಳಕಲ್ಲ ಸೀರೆಗಳನ್ನೂ ಗುಳೇದಗುಡ್ಡದ ಖಣಗಳನ್ನೂ ಆರಿಸುತ್ತ ಹೊತ್ತು ಕಳೆಯುತ್ತಾರೆ. ಮಕ್ಕಳಿಗೆ ಬೆಂಡು ಬತ್ತಾಸುಗಳಾದರೆ ಸಾಕು. ಈ ಲೇಖಕನಾದರೋ ಅರುವತ್ತು ವರ್ಷಗಳಿಂದ ಆ ಜಾತ್ರೆಯಿಂದ ತಂದುದು ಹೆಚ್ಚಾಗಿ ಹಾಡುಗಳನ್ನೇ. ಬನದ ಹುಣ್ಣಿಮೆಯ ದಿನ ತೇರು ಎಳೆದ ಮೇಲೆಯೂ ವಾರಗಟ್ಟಲೆ ನಿಲ್ಲುವ ಜಾತ್ರೆಯದು. ಒಂದು ಕಡೆಗೆ ನಾಟಕ ಕಂಪನಿಗಳು ಬೆಳಗಾಗುವ ತನಕ ಹಾರ್ಮೋನಿಯಮ್ಮು ಬಾರಿಸುತ್ತಿರುತ್ತವೆ. ಇನ್ನೊಂದು ಕಡೆಗೆ ಹರಿದ್ರಾತೀರ್ಥದ ಸುತ್ತಲಿನ ಕಲ್ಲು ಮಂಟಪಗಳಲ್ಲಿ ಯಾರೋ ಒಬ್ಬ ಮುದುಕನು ಏಕತಾರಿಯನ್ನು ಮೀಟುತ್ತ ತತ್ತ್ವಪದ ಹೇಳುತ್ತಿರುತ್ತಾನೆ. ನನ್ನ ಕಿವಿ ಎರಡೂ ಕಡೆಗೆ ಓಡುತ್ತಿತ್ತು.

ಹೀಗೆ ಕೂಡಿಹಾಕಿದ ಹಾಡುಗಳನ್ನು ಮನಸ್ಸಿನಲ್ಲಿ ಮೆಲುಕು ಹಾಕುವಾಗ ಒಂದು ಸಂಗತಿಯು ಮತ್ತೆ ಮತ್ತೆ ನನ್ನನ್ನು ತಡೆದು ನಿಲ್ಲಿಸಿರುವದು. ನಮ್ಮ ಹಾಡುಗಳಲ್ಲಿ ಒಲವು ಮತ್ತು ಸಾವು ಒಂದರ ಉಡಿಗೆಯನ್ನು ಇನ್ನೊಂದು ತೊಟ್ಟುಕೊಂಡು ಬರುತ್ತವೆ. ಹೆಣದ ಮುಂದೆ ಕುಳಿತು ಹೇಳುವ ಪದದಲ್ಲಿ ಹಂದರವಿದೆ, ಅರಿಸಿನವಿದೆ, ಬಾಸಿಂಗವಿದೆ, ಗಂಡನ ಮನೆಗೆ ಕಳಿಸುವ ಸಂಭ್ರಮವಿದೆ. ಸಾವು ಎಂಬ ಮಾತನ್ನು ಬಾಯಿ ಬಿಟ್ಟು ಆಡದೆ, ಹೆಣ್ಣನ್ನು ತವರಿನಿಂದ ಕಳಿಸಿಕೊಡುವಂತೆ ಸತ್ತವರನ್ನು ಕಳಿಸಿಕೊಡುವದು ನಮ್ಮ ಕಡೆಯ ಭಜನೆಯವರ ರೀತಿ. ಈ ಶರೀರವೇ ತವರು. ಇಲ್ಲಿ ಕಳೆದ ದಿನಗಳು ಬಾಲ್ಯ. ಕರೆಯಲು ಬಂದವನು ಯಮನಲ್ಲ, ಪತಿಯ ಮನೆಯ ಆಳು. ಜೀವವು ಗಂಡಸಿನದಾಗಿರಲಿ ಹೆಂಗಸಿನದಾಗಿರಲಿ, ಆ ರಾತ್ರಿ ಅದು ಮದುವಣಗಿತ್ತಿಯೇ.

ಇದು ಕೇವಲ ಕವಿಗಳ ಕಲ್ಪನೆಯೆಂದು ಯಾರೂ ತಿಳಿಯಬಾರದು. ಮನೆಯ ರೂಢಿಯೇ ಹಾಡಿಗೆ ತಾಯಿ. ನಮ್ಮ ಹೆಣ್ಣುಮಕ್ಕಳ ಬಾಳಿನಲ್ಲಿ ಉಡಿ ತುಂಬುವ ಸಂದರ್ಭಗಳನ್ನು ಎಣಿಸಿ ನೋಡಿರಿ. ಮದುವೆಯಾಗಿ ಹೊರಟಾಗ ತುಂಬುತ್ತಾರೆ; ಬಸಿರಾದಾಗ ತುಂಬುತ್ತಾರೆ; ತವರಿಗೆ ಬಂದು ತಿರುಗಿ ಹೊರಟಾಗಲೆಲ್ಲ ತುಂಬುತ್ತಾರೆ. ಅಕ್ಕಿ, ಉತ್ತತ್ತಿ, ಒಣಕೊಬ್ಬರಿಯ ಬಟ್ಟಲು, ಅರಿಸಿನದ ಬೇರು, ಎಲೆ ಅಡಿಕೆ, ಮೇಲೊಂದು ಖಣ. ಬನಶಂಕರಿಗೆ ಹರಕೆ ಹೊತ್ತವರು ತಾಯಿಗೂ ಇದೇ ಉಡಿಯನ್ನು ತುಂಬುತ್ತಾರೆ. ಕೊನೆಗೆ, ಗಂಡನಿರುವಾಗಲೇ ಕಣ್ಣು ಮುಚ್ಚಿದ ಮುತ್ತೈದೆಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಹೂ ಮುಡಿಸಿ, ಹಣೆ ತುಂಬ ಕುಂಕುಮವಿಟ್ಟು, ಮತ್ತೊಮ್ಮೆ ಉಡಿ ತುಂಬುತ್ತಾರೆ. ನಾವು ನೇಕಾರರು. ಬನಶಂಕರಿಯು ನೇಕಾರರ ಮನೆಗಳಲ್ಲಿ ಬಹುಮಟ್ಟಿಗೆ ಕುಲದೇವತೆ. ನಮ್ಮ ಮಗ್ಗದ ಮೇಲಿಂದ ಇಳಿದ ಖಣವು ಯಾವ ಉಡಿಗೆ ಹೋಗುವದೆಂದು ನೇಯುವವನಿಗೆ ತಿಳಿಯದು. ಲಾಳಿಯು ಎರಡಕ್ಕೂ ಒಂದೇ ರೀತಿಯಾಗಿ ಓಡುತ್ತದೆ.

ಈ ಭಾವನೆಗೆ ನಮ್ಮ ನಾಡಿನಲ್ಲಿ ಎಂಟು ನೂರು ವರ್ಷಗಳಿಗೂ ಮಿಕ್ಕಿದ ವಂಶಾವಳಿ ಇದೆ. ಹನ್ನೆರಡನೆಯ ಶತಮಾನದ ಶರಣರು ಭಕ್ತನನ್ನು ಸತಿಯೆಂದೂ ಲಿಂಗವನ್ನು ಪತಿಯೆಂದೂ ಭಾವಿಸಿದರು. ಉಡುತಡಿಯ ಮಹಾದೇವಿಯಕ್ಕನು ಮರಣವಿಲ್ಲದ ಚೆನ್ನಮಲ್ಲಿಕಾರ್ಜುನನನ್ನೇ ವರನನ್ನಾಗಿ ಆರಿಸಿಕೊಂಡು, ಮರಣಕ್ಕೆ ಒಳಗಾಗುವ ಲೋಕದ ಗಂಡರನ್ನು ಒಲ್ಲೆನೆಂದಳು. ಅಲ್ಲಿಂದಲೇ ನಮ್ಮಲ್ಲಿ ಸತ್ತವರನ್ನು ‘ಲಿಂಗೈಕ್ಯರಾದರು’ ಎನ್ನುವ ವಾಡಿಕೆ. ಐಕ್ಯವೆಂದರೆ ಕೂಡುವಿಕೆಯಲ್ಲದೆ ಮತ್ತೇನು? ಮುಸಲ್ಮಾನ ಸಂತರ ಪುಣ್ಯತಿಥಿಗೆ ಉರುಸು ಎನ್ನುವರಷ್ಟೆ. ಅರಬ್ಬಿಯಲ್ಲಿ ಆ ಶಬ್ದದ ಅರ್ಥವೇ ಮದುವೆ. 1422ರಲ್ಲಿ ದೇಹವಿಟ್ಟ ಕಲಬುರಗಿಯ ಬಂದೇನವಾಜರ ಉರುಸಿಗೆ ಹೋಗುವ ಲಕ್ಷಾವಧಿ ಜನರು, ಅರಿತೋ ಅರಿಯದೆಯೋ, ಒಬ್ಬ ವೃದ್ಧನ ಮದುವೆಗೇ ಹೋಗುತ್ತಾರೆ. ಈ ಎರಡು ಹೊಳೆಗಳೂ ಕೂಡಿದ ಸ್ಥಳವೆಂದರೆ ಶಿಶುನಾಳದ ಶರೀಫಸಾಹೇಬರು (1819–1889). ದೇಹವನ್ನು ತಂಬೂರಿಯೆಂದೂ ಸೋರುವ ಮಾಳಿಗೆಯೆಂದೂ ಅವರು ಹಾಡಿದುದನ್ನು ತಿಳಿಯದ ಕನ್ನಡಿಗನಿಲ್ಲ. ಮೊಹರಮ್ಮಿನಲ್ಲಿ ನಮ್ಮ ಹಳ್ಳಿಗಳ ಹಿಂದೂ ಮುಸಲ್ಮಾನರಿಬ್ಬರೂ ಕೂಡಿ ಹಾಡುವ ಕನ್ನಡದ ಕರ್ಬಲಾ ಪದಗಳಲ್ಲಿಯೂ ಇದೇ ಚಿತ್ರವುಂಟು. 680ನೆಯ ಇಸವಿಯ ಆ ಯುದ್ಧದಲ್ಲಿ ಮಡಿದ ತರುಣ ಕಾಸೀಮನನ್ನು ಅವು ಮದುಮಗನನ್ನಾಗಿ ಅಲಂಕರಿಸಿಯೇ ರಣಕ್ಕೆ ಕಳಿಸುತ್ತವೆ. ಅಂಥ ಮದುವೆ ನಡೆಯಿತೆಂಬದನ್ನು ಒಪ್ಪದ ಇತಿಹಾಸಜ್ಞರು ಬಹಳ. ಹಾಡುವವರು ಆ ವಿಷಯದಲ್ಲಿ ಅವರನ್ನು ಕೇಳಲು ಹೋಗಿಲ್ಲ.

ಬೇರೆ ದೇಶಗಳ ಹಾಡುಗಳಲ್ಲಿ ಹೇಗೋ ಎಂಬ ಕುತೂಹಲವು ನನಗೆ ಮೊದಲಿನಿಂದಲೂ ಇದ್ದಿತು. ಅದನ್ನು ತಣಿಸಿದವನು ನನ್ನ ತಮ್ಮನ ಮಗ. ಅವನಿಗೆ ಪಾಶ್ಚಾತ್ಯ ಸಂಗೀತದ ಹುಚ್ಚು. ಒಂದು ದೀಪಾವಳಿಗೆ ಊರಿಗೆ ಬಂದಾಗ ತನ್ನ ಫೋನಿನಲ್ಲಿ, ನಾನೂರು ವರ್ಷಗಳ ಹಿಂದೆ ಇಂಗ್ಲಂಡದಲ್ಲಿ ಲ್ಯೂಟ್ ಎಂಬ ವಾದ್ಯಕ್ಕೆ ಹಾಡುತ್ತಿದ್ದ ಕೆಲವು ಪದಗಳನ್ನು ನನಗೆ ಕೇಳಿಸಿದನು. ಅರ್ಥವನ್ನೂ ತಾನೇ ಬಿಡಿಸಿ ಹೇಳಿದನು. ಲ್ಯೂಟ್ ಎಂಬದು ನಮ್ಮ ತಂಬೂರಿಯ ದೂರದ ಬಳಗವೆನ್ನಬಹುದಾದ ತಂತಿವಾದ್ಯ: ಉಬ್ಬಿದ ಬೆನ್ನಿನ ಬುರುಡೆ, ಜೋಡಿಜೋಡಿಯಾಗಿ ಬಿಗಿದ ಕರುಳಿನ ತಂತಿಗಳು, ತುದಿಯಲ್ಲಿ ಹಿಂದಕ್ಕೆ ಮುರಿದಂತಿರುವ ಕುತ್ತಿಗೆ. ಹೆಸರು ಕೂಡ ಅರಬ್ಬರ ‘ಅಲ್ ಊದ್’ ಎಂಬದರಿಂದ ಬಂದುದು.

ಆ ಪದಗಳನ್ನು ಕಟ್ಟಿದವರಲ್ಲಿ ಅಗ್ರಗಣ್ಯನು ಜಾನ್ ಡೌಲಂಡ್ (1563–1626). ಅವನ ಮೊದಲನೆಯ ಪದಗಳ ಪುಸ್ತಕವು 1597ರಲ್ಲಿಯೂ ಎರಡನೆಯದು 1600ರಲ್ಲಿಯೂ ಅಚ್ಚಾದವು. ಆ ಪುಸ್ತಕಗಳ ಮುದ್ರಣದ ರೀತಿಯು ಗೃಹಸ್ಥರು ಕೇಳತಕ್ಕಂಥದು. ಒಂದೇ ಪುಸ್ತಕವನ್ನು ಮೇಜಿನ ನಡುವೆ ತೆರೆದಿಟ್ಟರೆ, ಸುತ್ತಲೂ ಕುಳಿತವರೆಲ್ಲರೂ ತಮ್ಮ ತಮ್ಮ ಭಾಗವನ್ನು ತಮ್ಮ ಕಡೆಯಿಂದಲೇ ಓದಿ ಹಾಡುವಂತೆ, ಸಾಲುಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಅಚ್ಚು ಹಾಕಿದ್ದಾರೆ. ಮನೆಮಂದಿ ಕೂಡಿ ಹಾಡುವ ಸುಖವನ್ನು ಬಲ್ಲವರ ಕೆಲಸವಿದು. ಆದರೆ ಹಾಗೆ ಕೂಡಿ ಹಾಡಿದುದೆಲ್ಲ ಕಣ್ಣೀರು! ಡೌಲಂಡನು 1604ರಲ್ಲಿ ‘ಕಣ್ಣೀರು’ ಎಂಬ ಅರ್ಥದ ಲ್ಯಾಟಿನ್ ಹೆಸರನ್ನಿಟ್ಟು ಒಂದು ವಾದ್ಯಸಂಗೀತದ ಪುಸ್ತಕವನ್ನೇ ತಂದನು. ಅದರಲ್ಲಿಯ ಒಂದು ಕೃತಿಗೆ, ಡೌಲಂಡನು ಸದಾ ದುಃಖಿಯೆಂದು ತನ್ನ ಹೆಸರನ್ನೇ ಶಬ್ದಚಮತ್ಕಾರಕ್ಕೆ ಉಪಯೋಗಿಸಿಕೊಂಡನು.

ಆ ಪದಗಳಲ್ಲಿ ಪ್ರಿಯನು ಮಾತು ಮಾತಿಗೆ ಸಾಯುತ್ತಾನೆ. ಪ್ರೇಯಸಿಯು ನೋಡಿದರೆ ಸಾಯುತ್ತಾನೆ, ನೋಡದಿದ್ದರೂ ಸಾಯುತ್ತಾನೆ. ಅವಳ ಕಣ್ಣೇ ಬಾಣ, ಅವಳ ಮೌನವೇ ಗೋರಿ. ಬೆಳಕು ತನಗೆ ಬೇಡ, ಕತ್ತಲೆಯೇ ಇರಲಿ ಎನ್ನುತ್ತಾನೆ. ಸಾಯುವದೆಂಬ ಮಾತಿಗೆ ಆ ಕಾಲದ ಇಂಗ್ಲಿಷಿನಲ್ಲಿ ಪ್ರಣಯಿಗಳ ಕೂಟದ ಪರಮಾವಧಿಯೆಂಬ ಗೂಢಾರ್ಥವೂ ಇದ್ದಿತಂತೆ. ಮನೆಮಂದಿ ಓದುವ ಪತ್ರಿಕೆಯಲ್ಲಿ ಇಷ್ಟು ಹೇಳಿದರೆ ಸಾಕು. ಇವರಲ್ಲಿ ಅನೇಕರು ಆಸ್ಥಾನದ ಮರ್ಯಾದೆಗಾಗಿ ಸಾಯುವವರು, ಮರುದಿನ ಎದ್ದು ಇನ್ನೊಬ್ಬಳ ಬಾಗಿಲಲ್ಲಿ ಸಾಯಬಲ್ಲವರು ಎಂದು ನನಗೆ ತೋರಿತು. ಮಾತಿಗಿಂತ ಆ ತಂತಿಗಳ ಇಳಿನಡೆಯೇ ಹೆಚ್ಚು ಸತ್ಯವನ್ನಾಡುತ್ತದೆ. ಒಂದು ಮಾತು ಮಾತ್ರ ನೆನಪಿನಲ್ಲಿರಲಿ. ಲಂಡನ್ನಿನಲ್ಲಿ 1593ರಲ್ಲಿಯೂ 1603ರಲ್ಲಿಯೂ ಪ್ಲೇಗು ಮಾರಿಯು ಸಾವಿರಾರು ಜನರನ್ನು ನುಂಗಿದ್ದಿತು. ಆ ಮೇಜಿನ ಸುತ್ತ ಕುಳಿತು ಸಾವಿನ ಹೆಸರನ್ನು ಇಂಪಾಗಿ ಹಾಡಿದವರು ನಿಜವಾದ ಸಾವನ್ನು ಕಾಣದವರಲ್ಲ.

ಹೀಗಿದ್ದರೂ ಅಲ್ಲಿಗೂ ಇಲ್ಲಿಗೂ ಒಂದು ದೊಡ್ಡ ಅಂತರವುಂಟು. ಅಲ್ಲಿ ಜೀವಂತನಾದ ಪ್ರಿಯನು ತನ್ನ ಒಲವಿನ ತೂಕವನ್ನು ಹೇಳಲಿಕ್ಕೆ ಸಾವಿನ ಮಾತನ್ನು ಎರವಲು ತರುತ್ತಾನೆ. ಕೇಳುವವಳು ಕಿಡಿಕಿಯಲ್ಲಿ ನಿಂತ ಸುಂದರಿ. ಇಲ್ಲಿ ಸಾವು ನಿಜವಾಗಿಯೇ ಮನೆಯೊಳಗೆ ಬಂದು ಕುಳಿತಿದೆ. ಅದನ್ನು ತಾಳಿಕೊಳ್ಳಲಿಕ್ಕೆ ಒಲವಿನ ಮಾತನ್ನು ಎರವಲು ತರುತ್ತಾರೆ. ಕೇಳುವವರು ಅತ್ತು ಅತ್ತು ಗಂಟಲು ಕಟ್ಟಿದ ಮನೆಮಂದಿ. ಅಲ್ಲಿಯ ಉಪಮೆಯು ಸುಳ್ಳಾದರೆ ಒಬ್ಬ ಸುಂದರಿ ನಕ್ಕು ಒಳಗೆ ಹೋದಾಳು. ಇಲ್ಲಿಯದು ಸುಳ್ಳಾದರೆ ಬೆಳಗಿನ ತನಕ ಆ ಮನೆಯವರನ್ನು ಹಿಡಿದು ನಿಲ್ಲಿಸುವದು ಏನೂ ಉಳಿಯದು.

ನಮ್ಮಲ್ಲಿಯೂ ಡೌಲಂಡನ ತರದ ಸಾವುಗಳಿಲ್ಲವೆಂದಲ್ಲ. ಜಾತ್ರೆಯ ನಾಟಕಗಳನ್ನು ನೋಡಿದವರಿಗೆ ಅದನ್ನು ಹೇಳಬೇಕಾಗಿಲ್ಲ. ಕತ್ತಿಯ ಏಟು ತಿಂದು ಬಿದ್ದ ನಾಯಕನು ನಾಯಕಿಯ ತೊಡೆಯ ಮೇಲೆ ತಲೆಯಿಟ್ಟು ಪೂರ್ತಿ ಒಂದು ಪದವನ್ನು ಹಾಡಿ ಪ್ರಾಣ ಬಿಡುತ್ತಿದ್ದನು. ಜನರು ‘ವನ್ಸ್ ಮೋರ್’ ಎಂದು ಕೂಗಿದರೆ ಎದ್ದು ಮೈ ಕೊಡವಿಕೊಂಡು ಮತ್ತೆ ಹಾಡಿ ಮತ್ತೆ ಸಾಯುತ್ತಿದ್ದನು. ನಮ್ಮ ಭಾಗದ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯಂಥ ನಾಟಕಗಳ ಘನವಾದ ಮಾತುಗಳನ್ನು ಬಾಯಿಪಾಠ ಮಾಡಿದವರು ಈಗಲೂ ಹಳ್ಳಿಹಳ್ಳಿಗೆ ಸಿಗುತ್ತಾರೆ, ಆ ನಾಟಕದ ಸಾವುಗಳಿಗೆ ವನ್ಸ್ ಮೋರ್ ಕೇಳುವ ಧೈರ್ಯವು ಯಾರಿಗೂ ಬಾರದು. ಇರಲಿ, ಪ್ರಕೃತ ವಿಷಯಕ್ಕೆ ಬರೋಣ.

ಒಲವು ಸಾವುಗಳು ಕೂಡಿದ ನಮ್ಮ ಹಾಡುಗಳಲ್ಲಿ ನನ್ನ ಎದೆಯನ್ನು ಹಿಂಡಿದುದು ‘ಕೆರೆಗೆ ಹಾರ’. ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಗೆ ನೀರು ಬೀಳಲಿಲ್ಲವೆಂದು ಕಿರಿಯ ಸೊಸೆ ಭಾಗೀರಥಿಯನ್ನು ಬಲಿ ಕೊಡುವ ಕಥೆಯದು. ತವರಿಗೆ ಹೋದ ಹುಡುಗಿ ತಂದೆತಾಯಿಗಳಿಗೆ ನಿಜವನ್ನು ಹೇಳಲಾರಳು. ಗೆಳತಿಯೊಬ್ಬಳಿಗೆ ಮಾತ್ರ ಹೇಳುತ್ತಾಳೆ. ಗೆಳತಿಯೂ, ಹಿರಿಯರು ಇಟ್ಟ ಹಾಗೆ ಇರಬೇಕೆಂದೇ ಬುದ್ಧಿ ಹೇಳುತ್ತಾಳೆ. ಮದುವೆಗೆ ಸಿಂಗರಿಸಿದಂತೆ ಸಿಂಗರಿಸಿ ಅವಳನ್ನು ಕೆರೆಗೆ ಕರೆದೊಯ್ಯುತ್ತಾರೆ. ಮರೆತು ಬಂದ ಬಂಗಾರದ ಬಟ್ಟಲವನ್ನು ತರಲಿಕ್ಕೆ ಅವಳೊಬ್ಬಳನ್ನೇ ತಿರುಗಿ ಕಳಿಸುತ್ತಾರೆ. ನೀರು ಹೆಜ್ಜೆ ಹೆಜ್ಜೆಗೆ ಏರುತ್ತದೆ. ದಂಡಿನಲ್ಲಿದ್ದ ಗಂಡ ಮಾದೇವರಾಯನು ಕೆಟ್ಟ ಕನಸು ಕಂಡು ಕುದುರೆಯೇರಿ ಬಂದು, ಸುಳ್ಳು ಹೇಳುವವರನ್ನೆಲ್ಲ ದಾಟಿ, ಅದೇ ಕೆರೆಗೆ ಹಾರುತ್ತಾನೆ. ಇಲ್ಲಿ ಮದುವೆಯ ಉಡಿಗೆಯು ಸಾವಿಗೆ ಸಮಾಧಾನವನ್ನು ತರುವದಿಲ್ಲ. ಸಿಂಗರಿಸಿದ ಕೈಗಳೇ ಕೊಂದ ಕೈಗಳೆಂಬದನ್ನು ಹಾಡು ಮರೆಯಗೊಡುವದಿಲ್ಲ. ತತ್ತ್ವಪದಗಳು ಮುಚ್ಚಿಟ್ಟ ಒಂದು ಮಗ್ಗುಲನ್ನು ಹೆಂಗಸರ ಈ ಹಾಡು ಬಿಚ್ಚಿ ತೋರಿಸುತ್ತದೆ.

ಆ ಮಗ್ಗುಲನ್ನು ನಮ್ಮ ಮನೆಯಲ್ಲಿ ಬಲ್ಲವಳು ನನ್ನ ಸೋದರತ್ತೆ. ನಮ್ಮ ತಂದೆಯ ಅಕ್ಕ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ನಮ್ಮ ಮಗ್ಗಕ್ಕೆ ಕಂಡಿಕೆ ಸುತ್ತಿದಳು. ಓಣಿಯಲ್ಲಿ ಅವಳಿಗಿದ್ದಂಥ ಕಂಠವು ಇನ್ನೊಬ್ಬರಿಗಿರಲಿಲ್ಲ. ಆದರೆ ಮದುವೆಯ ಮನೆಯಲ್ಲಿ ಅವಳು ಹಂದರಕ್ಕೆ ಬರುವಂತಿರಲಿಲ್ಲ. ಸೋಬಾನದ ನುಡಿಯು ನಡುವೆ ಮರೆತುಹೋದರೆ ಹಂದರದ ಹೆಂಗಸರು ಸುಮ್ಮನಾಗಿ ಅಡಿಗೆಮನೆಯ ಕಡೆಗೆ ಕಿವಿಗೊಡುತ್ತಿದ್ದರು. ಒಳಗಿನ ಕತ್ತಲೆಯಿಂದ ಮುಂದಿನ ನುಡಿಯು ಬರುತ್ತಿತ್ತು. ಹೊರಗಿನವರು ಎತ್ತಿಕೊಂಡು ಹಾಡುತ್ತಿದ್ದರು. ಸಾವಿನ ಮನೆಯಲ್ಲಿ ಮಾತ್ರ ಅವಳನ್ನು ಯಾರೂ ತಡೆಯುತ್ತಿರಲಿಲ್ಲ. ಅಲ್ಲಿ ಅವಳು ಹೆಣದ ತಲೆಯ ಹತ್ತಿರ ಕುಳಿತು ಗಂಡಸರ ಭಜನೆಗೂ ಮುಂಚೆ ದನಿಯೆತ್ತುತ್ತಿದ್ದಳು. ನನ್ನ ತಾಯಿಯು ಮುತ್ತೈದೆಯಾಗಿ ತೀರಿಕೊಂಡಾಗ ಆ ರಾತ್ರಿಯೆಲ್ಲ ಹಾಡಿದವಳು ಅವಳೇ. ಹಸಿರು ಬಳೆಗಳಿಂದ ತುಂಬಿದ ನಾದಿನಿಯ ಕೈಯನ್ನು ತನ್ನ ಬರಿಗೈಯಲ್ಲಿ ಹಿಡಿದುಕೊಂಡು ಹಾಡುತ್ತಿದ್ದಳು. ಉಡಿ ತುಂಬುವ ಹೊತ್ತಿಗೆ ಯಾರೂ ಹೇಳದೆ ತಾನೇ ಎದ್ದು ಹಿತ್ತಲಿಗೆ ಹೋದಳು.

ಆ ದಿನಗಳು ಕಳೆದ ಮೇಲೆ ಒಂದು ಸಂಜೆ ಕಂಡಿಕೆ ಸುತ್ತುತ್ತ ಅವಳು ನನ್ನನ್ನು ಕೇಳಿದಳು:

“ತಮ್ಮಾ, ನೀ ಓದಿದಾಂವ. ಸತ್ತಾಕಿ ತವರು ಬಿಟ್ಟು ಗಂಡನ ಮನಿಗೆ ಹೋದ್ಲು ಅಂತ ಹಾಡತೀವಲ್ಲ, ಅದು ಖರೇ ಏನು?”

“ಹಾಡು ಹಂಗ ಹೇಳತೈತಿ, ಅತ್ತಿ.”

“ಖರೇ ಇದ್ರ ನಂದೂ ಅದ ಹಾದಿ ಅಲ್ಲ? ನನ್ನ ಗಂಡ ಮೊದಲ ಹೋಗಿ ಕುಂತಾನ. ಎಲ್ಲಾರಿಗಿಂತ ನಂದ ನಿಜವಾದ ಗಂಡನ ಮನಿ. ಮತ್ತ ಯಾವ ತವರಿನವರು ಮಗಳನ್ನ ಬರೇ ಉಡೀಲೆ ಕಳಸ್ತಾರೋ?”

ನಾನು ಓದಿದ ಯಾವ ಪುಸ್ತಕದಲ್ಲಿಯೂ ಇದಕ್ಕೆ ಉತ್ತರವಿರಲಿಲ್ಲ. ಅಕ್ಕಮಹಾದೇವಿಯಿಂದ ಶರೀಫರ ವರೆಗೆ ಜೀವವೇ ಸತಿ, ಶಿವನೇ ಪತಿ. ಆ ಪತಿಗೆ ಮರಣವಿಲ್ಲವಾದುದರಿಂದ ಆ ಸತಿಗೆ ವೈಧವ್ಯವೂ ಇಲ್ಲ. ಪದದ ಅರ್ಥವು ಇಷ್ಟು ಸ್ಪಷ್ಟವಾಗಿರುವಾಗ ಪದವನ್ನು ಹಾಡುವ ಮನೆಯಲ್ಲಿಯೇ ಒಬ್ಬಳಿಗೆ ಖಣವುಂಟು, ಇನ್ನೊಬ್ಬಳಿಗಿಲ್ಲ. ಮೊದಲು ಸತ್ತವಳು ಪುಣ್ಯವಂತೆ; ಉಳಿದವಳು ಉಳಿದುದಕ್ಕಾಗಿ ದಂಡ ತೆರಬೇಕು. ಈ ಉಪಮೆಯ ಮಾಧುರ್ಯವನ್ನು ಎಷ್ಟು ಹೊಗಳಿದರೂ, ಅದರ ಬೆಲೆಯನ್ನು ಕೊಟ್ಟವರು ಯಾರೆಂದು ನೋಡದೆ ಹೊಗಳುವದು ಸರಿಯಲ್ಲವೆಂದು ಅಂದಿನಿಂದ ನನಗೆ ಅನಿಸುತ್ತಿರುವದು. ಅತ್ತೆಯ ಪ್ರಶ್ನೆಯನ್ನು ನನ್ನ ಹೆಂಡತಿಯೂ ಒಳಗಿನಿಂದ ಕೇಳಿಸಿಕೊಂಡಿದ್ದಳು. ಆಗ ಅವಳೇನೂ ಆಡಲಿಲ್ಲ.

2007ರ ಪುಷ್ಯಮಾಸದಲ್ಲಿ, ಬನಶಂಕರಿಯ ತೇರಾಗಿ ಜಾತ್ರೆ ಇನ್ನೂ ನಡೆದಿರುವಾಗಲೇ, ಅತ್ತೆ ತೀರಿಕೊಂಡಳು. ಎಂಬತ್ತೈದು ದಾಟಿದ್ದ ಜೀವ. ಎರಡು ದಿನ ಮಲಗಿದಳು, ಮೂರನೆಯ ಬೆಳಗಿಗೆ ಇಲ್ಲ. ಭಜನೆಯವರು ಬಂದರು, ಏಕತಾರಿಯೂ ತಾಳಗಳೂ ದಮ್ಮಡಿಯೂ ಬಂದವು. ರಾತ್ರಿಯೆಲ್ಲ ಅವರು ಅವಳದೇ ಪದಗಳನ್ನು ಹಾಡಿದರು. ಬೆಳಗಾಗಿ ಮೈ ತೊಳೆದು ಬಿಳಿಯ ಸೀರೆಯನ್ನು ಉಡಿಸುವ ಹೊತ್ತಿಗೆ ನನ್ನ ಹೆಂಡತಿಯು ಮರದಲ್ಲಿ ಅಕ್ಕಿ ಕೊಬ್ಬರಿಗಳನ್ನು ಇಟ್ಟುಕೊಂಡು ಹೊರಗೆ ಬಂದಳು.

ಬಳಗದ ಹಿರಿಯಳೊಬ್ಬಳು ಕೈ ಅಡ್ಡ ಮಾಡಿದಳು. “ಏನು ಮಾಡಾಕತ್ತೀಯವಾ? ಮುತ್ತೈದಿ ಅಲ್ಲ ಆಕಿ.”

“ರಾತ್ರಿಯೆಲ್ಲಾ ಗಂಡನ ಮನಿಗೆ ಕಳಸಾಕತ್ತೀವಿ ಅಂತ ಹಾಡೀರಿ, ದೊಡ್ಡವ್ವಾ. ನಾವು ಕಳಸೋರಲ್ಲೇನು? ತವರಿನವರು ನಾವು.”

ಅಂಗಳವು ಸ್ತಬ್ಧವಾಯಿತು. ದಮ್ಮಡಿಯವನು ಕೈ ತಡೆದು ಕುಳಿತನು. ಹಿರಿಯಳು ನಮ್ಮ ತಂದೆಯ ಮುಖವನ್ನು ನೋಡಿದಳು; ಎಲ್ಲರೂ ನೋಡಿದರು. ಆಗ ಅವರಿಗೆ ಎಂಬತ್ತೊಂದು. ಅಕ್ಕನು ಹೋದಾಗಿನಿಂದ ಒಂದು ಮಾತನ್ನೂ ಆಡಿರಲಿಲ್ಲ. ಅವರು ಗೋಡೆ ಹಿಡಿದುಕೊಂಡು ಎದ್ದರು. ಒಳಗೆ ಹೋಗಿ ಮಗ್ಗದ ಪಕ್ಕದ ಪೆಟ್ಟಿಗೆಯನ್ನು ತೆಗೆದ ಸಪ್ಪಳವಾಯಿತು. ಒಂದು ಖಣವನ್ನು ತಂದು ಸೊಸೆಯ ಕೈಯಲ್ಲಿಟ್ಟರು. ತೇರಿನ ಖಣ, ಹಸಿರು ಮೈ, ಕೆಂಪು ಅಂಚು. ಕಣ್ಣು ಮಂಜಾಗುವದಕ್ಕಿಂತ ಮುಂಚೆ ಅವರೇ ನೇಯ್ದು, ಯಾವ ವ್ಯಾಪಾರಿಗೂ ಕೊಡದೆ ಇಟ್ಟುಕೊಂಡುದು. ಅದರ ಹೊಕ್ಕಿನ ನೂಲನ್ನು ಕಂಡಿಕೆಗೆ ಸುತ್ತಿದವಳು ಅತ್ತೆಯೇ ಇರಬೇಕು.

ಉಡಿ ತುಂಬಲು ಐವರು ಬೇಕು. ನನ್ನ ಹೆಂಡತಿ, ನನ್ನ ತಂಗಿ, ಎದುರು ಮನೆಯ ಸೊಸೆ, ಹೀಗೆ ಮೂವರು ಮುಂದೆ ಬಂದರು; ಉಳಿದ ಮುತ್ತೈದೆಯರು ಕದಲಲಿಲ್ಲ. ಸ್ವಲ್ಪ ಹೊತ್ತು ಹಾಗೆಯೇ ಕಳೆಯಿತು. ಆಮೇಲೆ ಬಾಗಿಲ ಮರೆಯಲ್ಲಿ ನಿಂತಿದ್ದ, ಅತ್ತೆಯೊಡನೆ ದಿನವೂ ಕಂಡಿಕೆ ಸುತ್ತುತ್ತಿದ್ದ ಓಣಿಯ ವಿಧವೆಯರಿಬ್ಬರು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಂದು ಸಾಲಿನಲ್ಲಿ ಕುಳಿತರು. ಐವರೂ ಒಂದೊಂದು ಹಿಡಿ ಅಕ್ಕಿಯನ್ನು ಹಾಕಿದರು. ಭಜನೆಯವರು ಮತ್ತೆ ದನಿ ಎತ್ತಿದರು; ಎರಡನೆಯ ನುಡಿಗೆ ಅವರು ತಡವರಿಸಿದಾಗ ಆ ವಿಧವೆಯರಲ್ಲೊಬ್ಬಳು, ಕೈಯಲ್ಲಿ ಇನ್ನೂ ಅಕ್ಕಿ ಇರುವಂತೆಯೇ, ಮುಂದಿನ ಮಾತನ್ನು ಎತ್ತಿಕೊಟ್ಟಳು.